ಸೀರಿಯಲ್ ನಂಬರಿನ ಸಾವಕಾರರು

ಬೆಳಗಾವಿ ಜಿಲ್ಲೆಯ ಉತ್ತರ ಅಂಚಿನ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳಲ್ಲಿ ಕೃಷ್ಣೆ, ದೂಧಗಂಗಾ, ವೇದಗಂಗಾ ನದಿಗಳ ನೀರು ತಾನಾಗಿ ಕಬ್ಬಿನ ಹೊಲಕ್ಕೆ ಏರುವುದಿಲ್ಲವಾದ್ದರಿಂದ ಮೋಟಾರು-ಪಂಪುಗಳ ಅಂಗಡಿ ಇಲ್ಲದ ಪೇಟೆ ಈ ಭಾಗದಲ್ಲಿ ಅಪರೂಪ. ಅಂಥ ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತವರನ್ನು ಊರು ಸಾವಕಾರರೆಂದು ಕರೆಯುತ್ತದೆ. ಸಾವಕಾರರಲ್ಲಿ ಹಲವು ಪ್ರಭೇದಗಳಿದ್ದರೂ ಇಲ್ಲಿ ವಿವೇಚನೆಗೆ ಒಳಗಾಗುವುದು ಒಂದು ಮಾತ್ರ: ಅಂಗಡಿಯ ಪ್ರತಿಯೊಂದು ಮೋಟಾರೂ ಅದರ ಸೀರಿಯಲ್ ನಂಬರಿನ ಸಮೇತ ಕಂಪ್ಯೂಟರಿನಲ್ಲಿ ಇರಲೇಬೇಕೆಂದು ಹಟ ಹಿಡಿದು, ಅದನ್ನು ಅಲ್ಲಿ ಬರೆಯುವುದಕ್ಕೆ ಮಾತ್ರ ಯಾರಿಗೂ ಪುರುಸೊತ್ತು ಕೊಡದ ಪ್ರಭೇದ.

ಸೀರಿಯಲ್ ನಂಬರೆಂದರೆ ಕಾರ್ಖಾನೆಯು ತಾನು ತಯಾರಿಸಿದ ಪ್ರತಿಯೊಂದು ವಸ್ತುವಿಗೂ ಪ್ರತ್ಯೇಕವಾಗಿ ಕೊಡುವ ಗುರುತಿನ ಸಂಖ್ಯೆ. ಸಕ್ಕರೆಯ ದಾಸ್ತಾನಿಗೆ ಇಷ್ಟು ಚೀಲವೆಂದು ಬರೆದರೆ ಸಾಕು, ಏಕೆಂದರೆ ಒಂದು ಚೀಲದ ಬದಲು ಇನ್ನೊಂದು ಹೋದರೆ ಯಾರೂ ಜಗಳಕ್ಕೆ ಬರುವುದಿಲ್ಲ. ಮೋಟಾರಿನ ವಾರಂಟಿಯಾದರೋ ಆ ಒಂದೇ ಮೋಟಾರಿಗೆ ಅಂಟಿಕೊಂಡಿರುವುದರಿಂದ, ಯಾವ ನಂಬರಿನದು ಯಾರಿಗೆ ಯಾವಾಗ ಹೋಯಿತೆಂಬುದು ತಿಳಿಯದಿದ್ದರೆ ಕಂಪನಿ ಕೈ ತೊಳೆದುಕೊಳ್ಳುತ್ತದೆ. ವಾಹನಗಳ 17 ಅಕ್ಷರಗಳ ಚಾಸಿ ಸಂಖ್ಯೆಯಲ್ಲಿ ಇಂಗ್ಲಿಷಿನ ಐ, ಒ, ಕ್ಯೂ ಅಕ್ಷರಗಳನ್ನು ಬಳಸಬಾರದೆಂಬ ನಿಯಮವಿದೆ, ಏಕೆಂದರೆ ಅವು ಒಂದು ಮತ್ತು ಸೊನ್ನೆಗಳೊಂದಿಗೆ ಕಲಸಿಹೋಗುತ್ತವೆ. ಮೋಟಾರಿನ ಮೈಗೆ ಬಡಿದ ಪಟ್ಟಿಗೆ ಇಂಥ ದಯೆ ಇಲ್ಲ. 2019 ಮತ್ತು 2021ರ ಪ್ರವಾಹಗಳಂಥ ಹೊತ್ತಿನಲ್ಲಿ ಹೊಳೆಯ ಕೆಸರಿನಲ್ಲಿ ಮುಳುಗಿ ಎದ್ದ ಮೋಟಾರುಗಳು ಟ್ರ್ಯಾಕ್ಟರಿನ ಡಬ್ಬಿಯಲ್ಲಿ ಅಂಗಡಿಗೆ ಬಂದಾಗ, ಕೆಲಸದ ಹುಡುಗ ಡೀಸೆಲ್ ಅದ್ದಿದ ಬಟ್ಟೆಯಿಂದ ಪಟ್ಟಿಯನ್ನು ತಿಕ್ಕಿ, ಮೊಬೈಲಿನ ಬೆಳಕನ್ನು ಓರೆಯಾಗಿ ಹಿಡಿದು ಎಂಟೆಂದು ಓದುತ್ತಾನೆ. ಮೋಟಾರಿನ ಮಾಲೀಕ ಅದನ್ನು ಮೂರೆನ್ನುತ್ತಾನೆ. ಸಾವಕಾರರು ಎದ್ದುಬಂದು ಬೆರಳಾಡಿಸಿ ನೋಡಿ ಅದು ಬಿ ಅಕ್ಷರವೆಂದು ತೀರ್ಪು ಕೊಡುತ್ತಾರೆ. ಪ್ರವಾಹದ ನೀರಿಗೆ ವಾರಂಟಿ ಅನ್ವಯಿಸುವುದಿಲ್ಲವೆಂಬ ಸಂಗತಿ ಈ ಸಂಶೋಧನೆ ಮುಗಿದ ಮೇಲಷ್ಟೇ ಯಾರಿಗಾದರೂ ನೆನಪಾಗುತ್ತದೆ.

ಇಂಥ ಕೆಲವು ಜಗಳಗಳ ತರುವಾಯ ಸಾವಕಾರರು ಪರಿಚಯದ ಒಬ್ಬ ಬಿಸಿಎ ಪದವೀಧರನನ್ನು ಕರೆಸಿ, ತಮಗೊಂದು ಡೇಟಾಬೇಸ್ ಬೇಕೆಂದು ಆಜ್ಞಾಪಿಸುತ್ತಾರೆ. ಡೇಟಾಬೇಸ್ ಎಂದರೆ ಪರಸ್ಪರ ಹೆಣೆದ ಕೋಷ್ಟಕಗಳಲ್ಲಿ ಮಾಹಿತಿಯನ್ನು ಇಡುವ ವ್ಯವಸ್ಥೆ. ಐಬಿಎಂ ಕಂಪನಿಯಲ್ಲಿದ್ದ ಎಡ್ಗರ್ ಕಾಡ್ 1970ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಬೆಳೆದ ಈ ಶಾಸ್ತ್ರದ ಮುಖ್ಯ ಉಪದೇಶವನ್ನು ಸಂಗ್ರಹಿಸಿ ಹೇಳುವುದಾದರೆ, ಒಂದು ಸಂಗತಿ ಒಂದೇ ಕಡೆ ಇರಬೇಕು. ಸಾವಕಾರರ ಸಂಪ್ರದಾಯದಲ್ಲಿ ಒಂದು ಸಂಗತಿ ಕನಿಷ್ಠ ನಾಲ್ಕು ಕಡೆ ಇರುತ್ತದೆ: ಬಿಲ್ ಪುಸ್ತಕದಲ್ಲಿ ಒಂದು ಬಗೆ, ಗೋಡೆಯ ಕಾಲನಿರ್ಣಯ ಕ್ಯಾಲೆಂಡರಿನ ಏಕಾದಶಿಯ ಚೌಕದಲ್ಲಿ ಇನ್ನೊಂದು ಬಗೆ, ಯಾವುದೋ ಲಗ್ನಪತ್ರಿಕೆಯ ಬೆನ್ನಿನ ಮೇಲೆ ಮತ್ತೊಂದು ಬಗೆ; ಇವೆಲ್ಲವನ್ನೂ ರದ್ದುಪಡಿಸುವ ನಾಲ್ಕನೆಯದು ಅವರ ತಲೆಯಲ್ಲಿ. ವಿಶೇಷವೆಂದರೆ ನಾಲ್ಕನೆಯದೇ ಬಹುತೇಕ ಸರಿಯಾಗಿರುತ್ತದೆ, ಮತ್ತು ಎಲ್ಲ ತೊಂದರೆಗೂ ಮೂಲ ಅದೇ.

ಬಿಸಿಎ ಹುಡುಗ ಮೊದಲು ಕೈಹಾಕುವುದು ಎಕ್ಸೆಲ್ ಹಾಳೆಗೆ. ಸೊನ್ನೆಯಿಂದ ಆರಂಭವಾಗುವ ನಂಬರನ್ನು ಬರೆದ ಕೂಡಲೇ ಎಕ್ಸೆಲ್ ಮುಂದಿನ ಸೊನ್ನೆಯನ್ನು ನುಂಗುತ್ತದೆ. 15 ಅಂಕಿಗಳಿಗಿಂತ ಉದ್ದದ ಸಂಖ್ಯೆಯ ಬಾಲವನ್ನು ಸೊನ್ನೆಗಳಾಗಿ ಮಾರ್ಪಡಿಸುತ್ತದೆ. 22ಇ10 ಎಂಬಂಥ ನಂಬರು ಬಂದರಂತೂ ಅದನ್ನು ಗಣಿತವೆಂದು ಭಾವಿಸಿ 2.20ಇ+11 ಎಂದು ತೋರಿಸುತ್ತದೆ, ಅಂದರೆ ರಾಯಬಾಗದ ಐದು ಅಶ್ವಶಕ್ತಿಯ ಒಂದು ಮೋಟಾರಿನ ಗುರುತು ಇಪ್ಪತ್ತೆರಡು ಸಾವಿರ ಕೋಟಿ ಆಗಿಬಿಡುತ್ತದೆ. ಅಂಕಣವನ್ನು ಮೊದಲೇ ಪಠ್ಯವೆಂದು ಗೊತ್ತುಪಡಿಸಿದ್ದರೆ ಈ ಅನಾಹುತ ತಪ್ಪುತ್ತಿತ್ತು. ಸಾವಕಾರರು ಮಾತ್ರ ಪರದೆಯ ಮೇಲಿನ ಆ ಸಂಖ್ಯೆಯನ್ನು ಕೊಂಚ ಹೊತ್ತು ಗೌರವದಿಂದ ನೋಡಿ, ಪಂಪು ಕಂಪನಿಯ ಲಕ್ಷ್ಮಣರಾವ್ ಕಿರ್ಲೋಸ್ಕರರೂ 1888ರಲ್ಲಿ ಬೆಳಗಾವಿಯ ಸೈಕಲ್ ಅಂಗಡಿಯಿಂದಲೇ ಮೇಲೆ ಬಂದವರೆಂದು ನೆನಪಿಸುತ್ತಾರೆ.

ಎರಡನೆಯ ಯತ್ನದಲ್ಲಿ ಹುಡುಗ ಶಾಸ್ತ್ರೋಕ್ತವಾಗಿ ಮೂರು ಕೋಷ್ಟಕಗಳನ್ನು ಹೂಡುತ್ತಾನೆ: ಮಾದರಿಗಳದು ಒಂದು, ಒಂದೊಂದು ನಂಬರಿಗೆ ಒಂದೊಂದು ಸಾಲಿನಂತೆ ಮೋಟಾರುಗಳದು ಇನ್ನೊಂದು, ಮತ್ತು ಖರೀದಿ, ಮಾರಾಟ, ವಾಪಸಾತಿಗಳ ಘಟನಾವಳಿಯದು ಮೂರನೆಯದು. ದಾಸ್ತಾನೆಂಬುದನ್ನು ಎಲ್ಲಿಯೂ ಬರೆದಿಡದೆ ಘಟನೆಗಳಿಂದಲೇ ಎಣಿಸಿ ತೆಗೆಯುವುದು ಈ ವಿನ್ಯಾಸದ ಜಾಣ್ಮೆ. ವಾಪಸು ಬಂದ ಮೋಟಾರು ಮತ್ತೊಬ್ಬರಿಗೆ ಹೋದರೂ ಅದರ ಪೂರ್ವಚರಿತ್ರೆ ಅಳಿಯುವುದಿಲ್ಲ. ಇವುಗಳ ಜೊತೆಗೆ ಸೇರಿಸಿದ ಗಿರಾಕಿಗಳ ಕೋಷ್ಟಕದಲ್ಲಿ ಮಾತ್ರ ಅವನು ಮುಗ್ಗರಿಸುತ್ತಾನೆ. ಹೆಸರಿನಿಂದ ಹುಡುಕುವ ಅನುಕೂಲ ಮಾಡಿಕೊಟ್ಟು ಬಾಳಾಸಾಹೇಬ ಪಾಟೀಲ ಎಂದು ಒತ್ತಿದರೆ ಪರದೆ ತುಂಬಿ ಕೆಳಗೂ ಇಳಿಯುತ್ತದೆ. ವಿಳಾಸವೂ ನಿಲ್ಲುವ ಜಾತಿಯದಲ್ಲ: ಅಥಣಿ ತಾಲ್ಲೂಕಿನ ಉಗಾರ ಕಾಗವಾಡಕ್ಕೆ ಸೇರಿತು, ಚಿಕ್ಕೋಡಿಯಿಂದ ನಿಪ್ಪಾಣಿ ಬೇರೆಯಾಯಿತು. ಚಿಕ್ಕೋಡಿಯಂತೂ ಕಂದಾಯ ಇಲಾಖೆಗೆ ತಾಲ್ಲೂಕು, ಶಿಕ್ಷಣ ಇಲಾಖೆಗೆ ಜಿಲ್ಲೆ, ಸಾರಿಗೆ ಇಲಾಖೆಗೆ ಕೆಎ-23. ಇದು ಕಾಡ್ ಮಹಾಶಯನ ಉಪದೇಶಕ್ಕೆ ಸರಕಾರವೇ ಒಡ್ಡಿದ ಸವಾಲಾದ್ದರಿಂದ ಹುಡುಗನನ್ನು ದೂರುವಂತಿಲ್ಲ. ಸಾವಕಾರರು ತಮ್ಮ ಅಧಿಕಾರದ ಮಿತಿಯಲ್ಲಿ ಈ ಪ್ರಶ್ನೆಯನ್ನು ಬಗೆಹರಿಸಿ, ವಿಧಾನಸೌಧಕ್ಕಿಂತ ಮೊದಲೇ ಜಿಲ್ಲೆಗಳ ಪಟ್ಟಿಗೆ ಚಿಕ್ಕೋಡಿಯನ್ನು ಸೇರಿಸುತ್ತಾರೆ. ಇನ್ನು ನಿಪ್ಪಾಣಿಯ ಅಂಗಡಿಗೆ ಗಡಿಯಾಚೆ ಮಹಾರಾಷ್ಟ್ರದ ಕಾಗಲದಿಂದ ಬರುವ ಗಿರಾಕಿಯ ಜಿಎಸ್‌ಟಿ ರಾಜ್ಯಸಂಕೇತ 27, ಅಂಗಡಿಯದು 29. ಮನೆ ಅತ್ತ, ಬಾವಿ ಇತ್ತ ಇರುವವರನ್ನು ಯಾವ ಸಂಕೇತದ ಕೆಳಗೆ ಹಾಕಬೇಕೆಂದು ಕೇಳಿದರೆ, ಅವರು ಪಾವಣೇರು, ಅಂದರೆ ನೆಂಟರೆಂದೂ, ಅವರಿಗೆ ಸಂಕೇತ ಹಾಕುವುದು ಮರ್ಯಾದೆಯಲ್ಲವೆಂದೂ ಉತ್ತರ ಬರುತ್ತದೆ.

ವಿನ್ಯಾಸ ನಿಜವಾಗಿ ಮುರಿದು ಬೀಳುವುದು ಆ ಘಟನೆಗಳಿಂದ ತೀರ್ಮಾನವಾಗುವ ಸ್ಥಿತಿ ಎಂಬ ಅಂಕಣದಲ್ಲಿ. ಹುಡುಗನ ಪ್ರಕಾರ ಮೋಟಾರು ಒಂದೋ ಅಂಗಡಿಯಲ್ಲಿದೆ, ಇಲ್ಲವೋ ಮಾರಾಟವಾಗಿದೆ. ಆದರೆ ಚೈತ್ರದ ಬಿಸಿಲಿನಲ್ಲಿ ಕಬ್ಬು ಬಾಡುತ್ತಿರುವಾಗ ಹಳೆಯ ಮೋಟಾರು ಸುಟ್ಟು ಓಡಿಬಂದ ರೈತನ ಮುಂದೆ ಬಿಲ್ ಪುಸ್ತಕ ತೆರೆಯುವುದು ಈ ಸೀಮೆಯಲ್ಲಿ ಅಸಭ್ಯವೆನಿಸಿಕೊಳ್ಳುತ್ತದೆ. “ನಂಬರ್ ಸಂಜೀಕ ಹಾಕೋಣಂತ, ಮೊದಲ ಮಾಲ ಏರಸ್ರಿ” ಎಂದು ಸಾವಕಾರರು ಕೂಗುತ್ತಾರೆ, ಮೋಟಾರು ಹೋಗುತ್ತದೆ, ನೀರು ಮೇಲೆ ಬರುತ್ತದೆ. ದರ ಆಮೇಲೆ ಮಾತಾಡುವುದು, ಹಣ ಕಬ್ಬಿನ ಬಿಲ್ಲು ಬಂದಾಗ, ಸರಿಹೋಗದಿದ್ದರೆ ಮೋಟಾರು ವಾಪಸು. ಇದು ಮಾರಾಟವಲ್ಲ, ಉದ್ದರಿಯೂ ಪೂರ್ತಿಯಲ್ಲ, ಮೋಟಾರಂತೂ ಅಂಗಡಿಯಲ್ಲಿಲ್ಲ. ಹುಡುಗ ಆತಂಕದಿಂದ ವಿಚಾರಿಸಿದರೆ ಸಾವಕಾರರು ನಿಶ್ಚಿಂತೆಯಿಂದ ಹೇಳುತ್ತಾರೆ: “ಎಲ್ಲಿಗಿ ಹೋಗತೈತ್ರಿ ಅದು, ಬಾವ್ಯಾಗ ಐತಿ.”

ಈ ಉತ್ತರವನ್ನು ಉಡಾಫೆಯೆಂದು ತಳ್ಳಿಹಾಕುವುದು ತಪ್ಪಾಗುತ್ತದೆ. ಮೆಚ್ಚಿದರೆ ಇಟ್ಟುಕೊಳ್ಳುವ ಷರತ್ತಿನ ಮೇಲೆ ಕಳಿಸಿದ ಸರಕನ್ನು ಕೇಂದ್ರ ಜಿಎಸ್‌ಟಿ ಕಾಯ್ದೆಯೂ ಗುರುತಿಸಿದೆ. ಅದರ 31ನೆಯ ಕಲಮಿನ ಪ್ರಕಾರ ಮಾರಾಟ ಗಟ್ಟಿಯಾದಾಗ, ಅಥವಾ ಸರಕು ಹೊರಬಿದ್ದು ಆರು ತಿಂಗಳಾದಾಗ, ಯಾವುದು ಮೊದಲೋ ಆಗ ಬಿಲ್ ಕೊಡಬೇಕು. ಕಾಯ್ದೆಯ ಲೆಕ್ಕ ಆರು ತಿಂಗಳಾದರೆ ಕಬ್ಬಿನ ಲೆಕ್ಕ ಹನ್ನೆರಡು. ಕಬ್ಬು ಪೂರೈಸಿದ 14 ದಿನಗಳೊಳಗೆ ಕಾರ್ಖಾನೆ ಹಣ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆಯಾದರೂ, ಅದನ್ನೇ ನಂಬಿ ಅಂಗಡಿ ನಡೆಸುವಷ್ಟು ಸಾಹಸಿಗಳು ಸಾವಕಾರರಲ್ಲ. ಅವರ ನೆನಪಿನಲ್ಲಿ ಮೋಟಾರಿಗೆ ನಂಬರಿಲ್ಲ, ಬಾವಿ ಇದೆ. ಬಾವಿಗೆ ಒಡೆಯನಿದ್ದಾನೆ, ಒಡೆಯನಿಗೆ ಅಣ್ಣತಮ್ಮಂದಿರ ವಾಟ್ನಿ, ಅಂದರೆ ಆಸ್ತಿ ಪಾಲಿನ, ಜಗಳವಿದೆ, ಆ ಜಗಳ ಮುಗಿಯುವ ತನಕ ಹಣ ಬರುವುದಿಲ್ಲವೆಂಬ ಅಂದಾಜೂ ಇದೆ. ಇಷ್ಟು ಸಂಬಂಧಗಳನ್ನು ಹೆಣೆದ ಕೋಷ್ಟಕವನ್ನು ಹುಡುಗ ಇನ್ನೂ ಕಲಿತಿಲ್ಲ.

ಕೊನೆಗೆ ಹುಡುಗ ಸೋತು, ಘಟನೆಗಳ ಪಟ್ಟಿಗೆ ‘ನೋಡಲು ಕಳಿಸಿದ್ದು’ ಎಂಬ ನಮೂದನ್ನೂ, ಸ್ಥಿತಿಗಳ ಪಟ್ಟಿಗೆ ‘ಬಾವಿಯಲ್ಲಿದೆ’ ಎಂಬ ಮೂರನೆಯ ಆಯ್ಕೆಯನ್ನೂ ಸೇರಿಸುತ್ತಾನೆ. ತಾಂತ್ರಿಕವಾಗಿ ಇದು ಅವನ ವಿನ್ಯಾಸದ ಅತ್ಯಂತ ಸರಿಯಾದ ಭಾಗವಾಗಿದ್ದು, ಸಾವಕಾರರು ಮನಸಾರೆ ಒಪ್ಪಿಕೊಳ್ಳುವ ಏಕೈಕ ಭಾಗವೂ ಹೌದು. ಅಂದಿನಿಂದ ನಂಬರು ಓದಲಾಗದ್ದು, ಬಿಲ್ ಸಿಗದ್ದು, ಅಳಿಯಂದಿರು ಒಯ್ದದ್ದು ಎಲ್ಲವೂ ಅದೇ ಆಯ್ಕೆಗೆ ಜಮೆಯಾಗತೊಡಗುತ್ತವೆ. ದೀಪಾವಳಿ ಪಾಡ್ಯದ ಪೂಜೆಗೆ ಮುನ್ನ ಖಾತೆ ಹೊಂದಿಸಲು ಪಟ್ಟಿ ತೆಗೆದಾಗ, ಐದು ತಾಲ್ಲೂಕುಗಳ ಬಾವಿಗಳಲ್ಲಿ ಮೋಟಾರುಗಳ ಜೊತೆಗೆ ಎರಡು ಸೀಲಿಂಗ್ ಫ್ಯಾನು, ಒಂದು ಇನ್ವರ್ಟರ್ ಬ್ಯಾಟರಿ ಮತ್ತು ಒಂದು ಹೊಲಿಗೆ ಯಂತ್ರವೂ ಇರುವುದು ಕಂಡುಬರುತ್ತದೆ. ಸಾವಕಾರರು ಪಟ್ಟಿಯನ್ನು ಮೇಲಿಂದ ಕೆಳಗೆ ಓದಿ, ಹೊಲಿಗೆ ಯಂತ್ರದ ಹಣ ಮಾತ್ರ ಬಂದಿದೆಯೆಂದು ಹುಡುಗನಿಗೆ ತಿಳಿಸುತ್ತಾರೆ.