ಕೊಡೋ ರೇಟು ಹೇಳ್ರಿ

ಶಿಕಾರಿಪುರ, ಸೊರಬ, ಶಿರಾಳಕೊಪ್ಪ, ಆನವಟ್ಟಿ ಸೀಮೆಯಲ್ಲಿ ಮನೆಯೊಂದು ಮಾರಾಟಕ್ಕಿದೆ ಎಂಬ ಸುದ್ದಿ ಬಸ್ ಸ್ಟ್ಯಾಂಡಿನ ಹೋಟೆಲಿಗೆ ಮುಟ್ಟುವುದೇ ತಡ, ಅರ್ಧಬೆಲೆಯಣ್ಣ ಪ್ರತ್ಯಕ್ಷನಾಗುತ್ತಾನೆ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಫೋನು, ಜೊತೆಗೊಬ್ಬ ಮಾತಿಲ್ಲದ ಮನುಷ್ಯ. ಇವರು ಯಾರು ಎಂದು ಕೇಳಿದರೆ ‘ಹಿಂಗೇ ಬಂದಾರೆ’ ಎಂಬ ಉತ್ತರ. ಹಿಂಗೇ ಬಂದವರ ಕೆಲಸ ಗೋಡೆಯನ್ನು ಬೆರಳ ಗೆಣ್ಣಿನಿಂದ ಕುಟ್ಟಿ ನೋಡಿ ‘ಹ್ಞೂಂ’ ಎನ್ನುವುದು. ಆ ಹ್ಞೂಂಕಾರದ ಬೆಲೆ ಏನಿಲ್ಲವೆಂದರೂ ಒಂದು ಲಕ್ಷ. ಅಣ್ಣ ಮಾತ್ರ ಗಟ್ಟಿಯಾಗಿಯೇ ಮಾತಾಡುತ್ತಾನೆ. ಮನೆ ಹೆಂಚಿನದಾದರೆ ಮಂಗನ ಕಾಟ, ಆರ್‌ಸಿಸಿ ಆದರೆ ಸೋರುತ್ತದೆ. ಹಲಸಿನ ಕಂಬ ಗಟ್ಟಿಯೇನೋ ಹೌದು, ಆದರೆ ಈಗಿನ ಹುಡುಗರಿಗೆ ಯಾರಿಗೆ ಬೇಕು? ಹಿತ್ತಲಲ್ಲಿ ಬಾವಿ ಇದ್ದರೆ ಮನೆಗೆ ಥಂಡಿ, ಇಲ್ಲದಿದ್ದರೆ ಬೇಸಗೆಯಲ್ಲಿ ಏನು ಗತಿ? ಕಾಫಿ ಬೇಡವೆಂದು ಎರಡು ಸಲ ಹೇಳಿ ಎರಡು ಲೋಟ ಕುಡಿದ ಮೇಲೆ ಜಗಲಿಯ ಮೇಲೆ ಸರಿದು ಕೂತು ಹೇಳುತ್ತಾನೆ: ‘ಅದೆಲ್ಲ ಇರ್ಲಿ ಮೇಷ್ಟ್ರೇ, ಕೊಡೋ ರೇಟು ಹೇಳ್ರಿ.’ ಮೇಷ್ಟ್ರು ನಲವತ್ತು ಲಕ್ಷ ಎನ್ನುತ್ತಾರೆ. ಅಣ್ಣ ಸಾವಿನ ಮನೆಗೆ ಬಂದವನಂತೆ ದನಿ ತಗ್ಗಿಸಿ ‘ಇಪ್ಪತ್ತೆರಡು’ ಎನ್ನುತ್ತಾನೆ.

ಒಳಗೆ ಬಾಗಿಲ ಸಂದಿಯಲ್ಲಿ ಕಿವಿಗೊಟ್ಟು ನಿಂತ ಮನೆಯಾಕೆಗೆ ಇದು ತನ್ನ ಇಪ್ಪತ್ತು ವರ್ಷದ ಸಂಸಾರಕ್ಕೆ ಕಟ್ಟಿದ ಬೆಲೆಯಂತೆ ಕೇಳಿಸುತ್ತದೆ. ಹಾಗೆ ಕೇಳಿಸಿಕೊಳ್ಳುವುದೇ ತಪ್ಪು. ಇಪ್ಪತ್ತೆರಡು ಮನೆಯ ಬೆಲೆಯೇ ಅಲ್ಲ. ಮಾರುವವರಿಗೆ ಎಷ್ಟು ಅವಸರವಿದೆ ಎಂದು ತಿಳಿಯಲು ಅಣ್ಣ ಬಿಟ್ಟ ಅಳತೆಗೋಲು ಅದು. ಸಾಕ್ಷಿ ಬೇಕಿದ್ದರೆ ಅವನು ಕೇಳಿದ ಪ್ರಶ್ನೆಗಳನ್ನೇ ನೆನಪಿಸಿಕೊಳ್ಳಿ. ತಳಪಾಯ ಎಷ್ಟು ಆಳ, ಚರಂಡಿ ಎತ್ತ ಹರಿಯುತ್ತದೆ, ಖಾತೆ ಯಾರ ಹೆಸರಲ್ಲಿದೆ ಎಂದು ಅವನು ಕೇಳಿರುವುದಿಲ್ಲ. ‘ಮಗ ಬೆಂಗ್ಳೂರಾಗೇ ಇರ್ತಾನಂತಾ?’ ‘ಮಗಳ ಮದುವೆ ಯಾವಾಗ ಇಟ್ಕಂಡೀರಿ?’ ‘ಬ್ಯಾಂಕಿನೋರು ಬಂದಿದ್ರಂತಲ್ಲ?’ ಎಂದಷ್ಟೇ ವಿಚಾರಿಸಿರುತ್ತಾನೆ. ಬರುವ ಕಾಲವನ್ನೂ ನೋಡಿ: ಆಷಾಢ. ಶುಭಕಾರ್ಯಕ್ಕೆ ಸಲ್ಲದೆಂದು ಬೇರೆ ಯಾರೂ ಮನೆ ನೋಡಲು ಹೊರಡದ ತಿಂಗಳು, ಪುನರ್ವಸು ಮಳೆ ಹೊಡೆದು ಗೋಡೆಯೆಲ್ಲ ತೇವ ಕಾರುವ ಹೊತ್ತು. ಇನ್ನೊಂದು ಸಾಕ್ಷಿ ಎಲ್ಲಕ್ಕಿಂತ ದೊಡ್ಡದು. ಇಷ್ಟೊಂದು ದೋಷವಿರುವ ಮನೆಯಲ್ಲಿ ಅವನು ಎರಡು ಗಂಟೆ ಕೂತಿದ್ದಾನೆ. ಬೇಡದ ಮನೆಯನ್ನು ಯಾರೂ ಎರಡು ಗಂಟೆ ಬೈಯುವುದಿಲ್ಲ.

ಅಣ್ಣನ ಬಲವೆಲ್ಲ ಇರುವುದು ‘ಮಧ್ಯ’ ಎಂಬ ಲೆಕ್ಕದಲ್ಲಿ. ಅವನು ಮೂವತ್ತನಾಲ್ಕು ಎಂದು ಶುರು ಮಾಡಿದ್ದರೆ ನಲವತ್ತಕ್ಕೂ ಅದಕ್ಕೂ ನಡುವೆ ಮೂವತ್ತೇಳು. ಇಪ್ಪತ್ತೆರಡು ಎಂದಿದ್ದರಿಂದ ನಡುವಿನ ಅಂಕಿ ಮೂವತ್ತೊಂದಕ್ಕೆ ಇಳಿಯಿತು. ಬಾಯಿ ಮಾತಿಗೆ ಆರು ಲಕ್ಷ ಸಂಪಾದನೆ! ಈ ಮಧ್ಯವನ್ನು ಹುಡುಕಿಕೊಡಲು ಬ್ರೋಕರ್ ಇದ್ದೇ ಇರುತ್ತಾನೆ. ‘ನಿಮ್ದೂ ಬ್ಯಾಡ, ಅವರ್ದೂ ಬ್ಯಾಡ, ನಡುವೆ ಮುಗಿಸ್ರಿ’ ಎಂದು ಅವನು ಹೇಳುವಾಗ ಧರ್ಮರಾಯನೇ ನುಡಿದಂತಿರುತ್ತದೆ. ಆದರೆ ಆರು ಲಕ್ಷ ಕಡಿಮೆಯಾದರೆ ಶೇಕಡಾ ಒಂದರ ಲೆಕ್ಕದಲ್ಲಿ ಅವನಿಗೆ ಹೋಗುವುದು ಆರು ಸಾವಿರ, ವ್ಯಾಪಾರವೇ ಮುರಿದರೆ ಪೂರ್ತಿ ಕಮಿಷನ್ನೇ ಹೋಗುತ್ತದೆ. ಅವನಿಗೆ ಬೇಕಾದ್ದು ಮುಗಿಯುವುದು, ನಿಮಗೆ ಬೇಕಾದ್ದು ಒಳ್ಳೆಯ ಬೆಲೆಗೆ ಮುಗಿಯುವುದು. ಅಮೆರಿಕದ ಷಿಕಾಗೋ ಸುತ್ತಿನ ಸುಮಾರು ಒಂದು ಲಕ್ಷ ಮನೆ ಮಾರಾಟಗಳನ್ನು ಲೆವಿಟ್ ಮತ್ತು ಸಿವರ್ಸನ್ ಎಂಬ ಅರ್ಥಶಾಸ್ತ್ರಜ್ಞರು ಪರಿಶೀಲಿಸಿ 2008ರಲ್ಲಿ ಪ್ರಕಟಿಸಿದರು. ದಲ್ಲಾಳಿಗಳು ತಮ್ಮ ಸ್ವಂತ ಮನೆ ಮಾರುವಾಗ ಗಿರಾಕಿಯ ಮನೆಗಿಂತ ಒಂಬತ್ತೂವರೆ ದಿನ ಹೆಚ್ಚು ಕಾದು ಶೇ. 3.7ರಷ್ಟು ಹೆಚ್ಚು ಬೆಲೆ ಪಡೆದಿದ್ದರು. ಆನವಟ್ಟಿಯ ಬ್ರೋಕರನ ಮನಸ್ಸು ಷಿಕಾಗೋದವನಿಗಿಂತ ಬೇರೆ ಇರಲು ಕಾರಣವಿಲ್ಲ. ಆದ್ದರಿಂದ ಇಪ್ಪತ್ತೆರಡಕ್ಕೆ ಉತ್ತರವಾಗಿ ಮೂವತ್ತೆಂಟು ಎನ್ನುವುದು ಜಾಣತನವಲ್ಲ. ಹಾಗೆಂದ ಕ್ಷಣವೇ ಅವನ ಅಂಕಿಯನ್ನು ಅಂಕಿಯೆಂದು ಒಪ್ಪಿ ಮಧ್ಯದ ಆಟಕ್ಕೆ ಕೂತಂತಾಯಿತು.

ಹಾಗಾದರೆ ‘ಎದ್ದು ನಡೀರಿ’ ಎನ್ನುವುದೇ ಸರಿಯಲ್ಲವೇ, ಮಾನವಂತರು ಇಷ್ಟನ್ನೆಲ್ಲ ಸಹಿಸಬೇಕೇ ಎಂದು ಯಾರಾದರೂ ಕೇಳಬಹುದು. ಅವಮಾನಕ್ಕೆ ಉತ್ತರ ಕೊಟ್ಟ ಪರಂಪರೆ ಈ ಸೀಮೆಗೆ ಇದೆ ನಿಜ. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಕಂಬದ ಶಾಸನ ಹೇಳುವಂತೆ, ಓದಲು ಕಂಚಿಗೆ ಹೋದ ಮಯೂರಶರ್ಮ ಅಲ್ಲಿ ಪಲ್ಲವರ ಕುದುರೆಯವನೊಂದಿಗೆ ಜಗಳವಾಗಿ, ಅವಮಾನ ತಾಳದೆ ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದು ಕದಂಬ ರಾಜ್ಯ ಕಟ್ಟಿದ. ಆದರೆ ಮಯೂರಶರ್ಮನಿಗೆ ಮಾರಬೇಕಾದ ಮನೆ ಇರಲಿಲ್ಲ. ಈ ಊರುಗಳವರೇ ಅಡಿಕೆ ಮಾರುವಾಗ ಹೇಗಿರುತ್ತಾರೆ ನೋಡಿ. ಸಾಗರದಲ್ಲೋ ಶಿರಸಿಯಲ್ಲೋ ರಾಶಿಯ ಮುಂದೆ ವ್ಯಾಪಾರಿಗಳು ಬಂದು, ಬೊಗಸೆಯಲ್ಲಿ ಎತ್ತಿ ನೋಡಿ, ಒಡೆದು ಮೂಸಿ, ಟೆಂಡರ್ ಹಾಕುತ್ತಾರೆ. ಅದರಲ್ಲಿ ಒಬ್ಬ ತೀರಾ ಕೆಳಗಿನ ದರ ಬರೆದ ಎಂದು ಬೆಳೆಗಾರ ಕೊರಳಪಟ್ಟಿ ಹಿಡಿಯಲು ಹೋಗುವುದಿಲ್ಲ. ಮೇಲಿನ ದರವೂ ಒಗ್ಗದಿದ್ದರೆ ‘ಇವತ್ತು ಕೊಡಲ್ಲ’ ಎನ್ನುತ್ತಾನೆ, ಊಟ ಮಾಡಿ ಬಸ್ಸು ಹತ್ತುತ್ತಾನೆ. ತನ್ನ ಕೈಯಾರೆ ಕೊಯ್ದು, ಸುಲಿದು, ಬೇಯಿಸಿ, ಒಣಗಿಸಿದ ಮಾಲಿನ ಬಗ್ಗೆ ಇಷ್ಟು ತಣ್ಣಗಿರುವವನು, ತಾತ ಕಟ್ಟಿಸಿದ ಮನೆಯ ವಿಷಯದಲ್ಲಿ ಮಾತ್ರ ಕೆರಳುತ್ತಾನೆ. ಕೆರಳಿದವನ ಅವಸರ ಕೆರಳದವನದ್ದಕ್ಕಿಂತ ಚೆನ್ನಾಗಿ ಕಾಣಿಸುತ್ತದೆ. ಅಣ್ಣನಿಗೆ ಬೇಕಾದದ್ದೂ ಅದೇ.

ಕೂಗಾಡಿ ಕಳಿಸಿದರೆ ಇನ್ನೊಂದು ತಾಪತ್ರಯವಿದೆ. ಅಣ್ಣ ನೇರ ಹೋಟೆಲಿಗೆ ಹೋಗಿ ‘ಇಪ್ಪತ್ತೆರಡು ಕೇಳೀನಿ, ಇನ್ನೊಂದೆರಡು ಹಾಕಿದ್ರೆ ಕೊಡ್ತಾರೆ’ ಎಂದು ಹಬ್ಬಿಸುತ್ತಾನೆ. ಕೇಳಿದವರು ಮನೆಯನ್ನೇ ನೋಡಿರುವುದಿಲ್ಲ, ಅಂಕಿ ಮಾತ್ರ ತಲೆಯಲ್ಲಿ ಕೂತುಬಿಡುತ್ತದೆ. ಇದು ಹಳ್ಳಿಗರ ದೌರ್ಬಲ್ಯವೆಂದು ಭಾವಿಸಬೇಡಿ. 1987ರಲ್ಲಿ ನಾರ್ತ್‌ಕ್ರಾಫ್ಟ್ ಮತ್ತು ನೀಲ್ ಎಂಬ ಸಂಶೋಧಕರು ಅರಿಜೋನಾದ ಟೂಸಾನ್ ಪಟ್ಟಣದಲ್ಲಿ ಮನೆ ದಲ್ಲಾಳಿಗಳಿಗೆ ಒಂದೇ ಮನೆಯನ್ನು ಬೇರೆ ಬೇರೆ ‘ಹೇಳಿದ ಬೆಲೆ’ಯೊಂದಿಗೆ ತೋರಿಸಿದರು. ಹೇಳಿದ ಬೆಲೆ ಏರಿದಂತೆ ಆ ಪರಿಣತರು ಕಟ್ಟಿದ ಬೆಲೆಯೂ ಏರಿತು, ಇಳಿದಂತೆ ಇಳಿಯಿತು. ಆ ಅಂಕಿಯಿಂದ ತಾವು ಪ್ರಭಾವಿತರಾದೆವು ಎಂದು ಒಪ್ಪಿದವರು ಮಾತ್ರ ಬಹಳ ಕಡಿಮೆ. ಆದ್ದರಿಂದ ಸುಮ್ಮನೆ ಬಿಟ್ಟ ಇಪ್ಪತ್ತೆರಡು ಊರಲ್ಲಿ ಓಡಾಡುತ್ತಿರುತ್ತದೆ. ಅದನ್ನು ಜಗಲಿಯ ಮೇಲೆಯೇ ನಿಲ್ಲಿಸಬೇಕು. ನಿಲ್ಲಿಸುವ ಮಾತು ಚಿಕ್ಕದು, ಸಿಟ್ಟಿಲ್ಲದ್ದು: ‘ಇಪ್ಪತ್ತೆರಡು ಹೆಂಗೆ ಬಂತು ಅಣ್ಣಾರೆ, ಲೆಕ್ಕ ಹೇಳ್ರಿ.’

ಈ ಪ್ರಶ್ನೆಗೆ ಅಣ್ಣಂದಿರು ಎರಡು ಪಂಗಡವಾಗುತ್ತಾರೆ. ಮೊದಲನೆಯವನು ‘ಏನೋ ನನ್ನ ಯೋಗ್ಯತೆ ಅಷ್ಟೇರಿ’ ಎಂದು ಹಲ್ಲು ಕಿರಿಯುತ್ತಾನೆ. ಅವನ ಯೋಗ್ಯತೆಯ ಬಗ್ಗೆ ನಾವು ವಾದಿಸಬೇಕಿಲ್ಲ, ಅವನಿಗೆ ಮೂರನೆಯ ಲೋಟ ಕಾಫಿಯೂ ಬೇಕಿಲ್ಲ. ಎರಡನೆಯವನು ಬೆರಳು ಮಡಚಿ ಲೆಕ್ಕ ಕೊಡುತ್ತಾನೆ. ‘ಪಕ್ಕದ ಬೀದೀಲಿ ಹೋದ ವರ್ಷ ಇಷ್ಟಕ್ಕೆ ಹೋತು. ನಿಮ್ದು ಇ-ಖಾತೆ ಆಗಿಲ್ಲ. ಇಸಿಯಲ್ಲಿ ಸೊಸೈಟಿ ಸಾಲ ತೀರಿದ್ದು ಬಂದಿಲ್ಲ. ನಿಮ್ಮ ತಂಗಿಯೋರ ಸಹಿ ಆಗ್ಬೇಕು.’ ಇವನ ಮಾತಿಗೆ ಕಿವಿಗೊಡಬೇಕು. ಕರ್ನಾಟಕದಲ್ಲಿ 1994ರ ತಿದ್ದುಪಡಿಯಿಂದಲೇ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳ ಪಾಲಿನ ಮಾತು ಬಂತು, 2005ರಲ್ಲಿ ಕೇಂದ್ರದ ಕಾಯ್ದೆ ಅದನ್ನು ದೇಶಕ್ಕೆಲ್ಲ ಹಬ್ಬಿಸಿತು. ತಂಗಿಯ ಸಹಿಯಿಲ್ಲದ ಪಿತ್ರಾರ್ಜಿತ ಮನೆಯನ್ನು ಪೂರ್ತಿ ಬೆಲೆಗೆ ಕೊಳ್ಳುವವನು ಮನೆಯ ಜೊತೆಗೆ ಒಂದು ದಾವೆಯನ್ನೂ ಕೊಂಡಂತೆ. ಇಲ್ಲಿ ಬೆಲೆ ಇಳಿಯುವುದು ನ್ಯಾಯವೇ. ಆಗ ಮಾರುವವರು ಮಾಡಬೇಕಾದ್ದು ಚೌಕಾಸಿಯಲ್ಲ, ಕಾಗದ ಸರಿಪಡಿಸುವುದು. ಪಟ್ಟಣದೊಳಗಾದರೆ ಇ-ಖಾತೆ, ಹಳ್ಳಿಯಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11, ಇಸಿ ಎಂಬ ಋಣಭಾರ ಪತ್ರ, ಮನೆಯವರೆಲ್ಲರ ಒಪ್ಪಿಗೆ. ನಮ್ಮವರು ಇದನ್ನೆಲ್ಲ ಬಿಟ್ಟು ಮೊದಲು ಸುಣ್ಣ ಬಣ್ಣ ಹೊಡೆಸುತ್ತಾರೆ. ಅಣ್ಣ ಬಣ್ಣ ನೋಡಿದ ಕೂಡಲೇ ‘ಏನೋ ಮುಚ್ಚಿದಾರೆ’ ಎಂದು ಇನ್ನೊಂದು ಲಕ್ಷ ಇಳಿಸುತ್ತಾನೆ, ಹಿಂಗೇ ಬಂದವರು ಹ್ಞೂಂ ಎನ್ನುತ್ತಾರೆ.

ಕೆಳಗೆ ಒಂದು ನೆಲ ಇದೆ ಎಂಬುದನ್ನೂ ಅಣ್ಣನಿಗೆ ತೋರಿಸಬಹುದು. ಅದು ಸರ್ಕಾರದ ಮಾರ್ಗಸೂಚಿ ದರ. ರಾಜ್ಯದಲ್ಲಿ 2023ರ ಅಕ್ಟೋಬರ್ 1ರಿಂದ ಈ ದರಗಳು ಪರಿಷ್ಕಾರವಾಗಿ ಬಹಳ ಕಡೆ ಏರಿವೆ. ಮೇಷ್ಟ್ರ ಮನೆಗೆ ಆ ದರದಂತೆ ಮೂವತ್ತು ಲಕ್ಷ ಬರುತ್ತದೆ ಎಂದಿಟ್ಟುಕೊಳ್ಳಿ. ಅಣ್ಣ ಇಪ್ಪತ್ತನಾಲ್ಕಕ್ಕೆ ಬರೆಸಿಕೊಂಡರೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮುದ್ರಾಂಕ ಶುಲ್ಕ ಕಟ್ಟಬೇಕಾದ್ದು ಮೂವತ್ತಕ್ಕೇ. ಅಷ್ಟಕ್ಕೇ ಮುಗಿಯುವುದಿಲ್ಲ. ಕ್ರಯದ ಮೊತ್ತಕ್ಕಿಂತ ಮಾರ್ಗಸೂಚಿ ಬೆಲೆ ಶೇ. 10ಕ್ಕಿಂತ ಹೆಚ್ಚಿದ್ದರೆ ಆದಾಯ ತೆರಿಗೆಯವರು ಮೇಷ್ಟ್ರಿಗೆ ಮೂವತ್ತೇ ಬಂತೆಂದು ಲಾಭದ ಲೆಕ್ಕ ಹಾಕುತ್ತಾರೆ, ಅಣ್ಣನಿಗೆ ಉಳಿದ ಆರು ಲಕ್ಷವನ್ನು ಅವನ ಆದಾಯವೆಂದು ಸೇರಿಸುತ್ತಾರೆ. ಅಗ್ಗಕ್ಕೆ ಕೊಂಡದ್ದಕ್ಕೂ ತೆರಿಗೆ ಉಂಟೆಂದು ಕೇಳಿದಾಗ ಅಣ್ಣನ ಮುಖದ ಮೇಲೆ ಮೊದಲ ಬಾರಿಗೆ ನಿಜವಾದ ದುಃಖ ಕಾಣುತ್ತದೆ. ‘ಹಂಗಾದ್ರೆ ಕಾಗದದಾಗೆ ಒಂದು, ಕೈಯಾಗೆ ಒಂದು ಮಾಡಣ’ ಎಂಬ ಸಲಹೆ ತಕ್ಷಣ ಬರುತ್ತದೆ. ಸ್ಥಿರಾಸ್ತಿ ವ್ಯವಹಾರದಲ್ಲಿ ಇಪ್ಪತ್ತು ಸಾವಿರ ಅಥವಾ ಅದಕ್ಕೆ ಮೇಲ್ಪಟ್ಟು ನಗದು ಪಡೆಯುವುದನ್ನು 2015ರ ಜೂನ್‌ನಿಂದಲೇ ನಿಷೇಧಿಸಲಾಗಿದೆ, ಪಡೆದಷ್ಟೇ ಮೊತ್ತದ ದಂಡ ಬೀಳುವುದು ಪಡೆದವರಿಗೆ. ಕೊಟ್ಟ ಅಣ್ಣ ಆರಾಮಾಗಿ ಹೋಟೆಲಿನಲ್ಲಿರುತ್ತಾನೆ.

ಇಷ್ಟೆಲ್ಲ ಅಣ್ಣನ ಮೇಲೆ ಹೊರಿಸಿದ ಮೇಲೆ ಅವನ ಪರವಾದ ವಾದವನ್ನೂ ಆಡಬೇಕು. ಮೇಷ್ಟ್ರು ಹೇಳಿದ ನಲವತ್ತು ಯಾವ ಲೆಕ್ಕ? ‘ಕೇಳೋರು ಹೆಂಗೂ ಇಳಿಸ್ತಾರೆ’ ಎಂದು ಒಂದಿಷ್ಟು, ಮಗಳು ಹುಟ್ಟಿದ ಮನೆ ಎಂದು ಇನ್ನಷ್ಟು, ಶಿವಮೊಗ್ಗದಿಂದ ಶಿಕಾರಿಪುರದ ಮೇಲೆ ರಾಣೆಬೆನ್ನೂರಿಗೆ ರೈಲು ಬರುತ್ತದೆ ಎಂದು ಮತ್ತಷ್ಟು ಸೇರಿಸಿದವರು ಅವರೇ. ಶಿವಮೊಗ್ಗದ ಬಳಿಯ ಸೋಗಾನೆಯಲ್ಲಿ 2023ರ ಫೆಬ್ರವರಿಯಲ್ಲಿ ವಿಮಾನ ನಿಲ್ದಾಣ ಉದ್ಘಾಟನೆಯಾದಾಗ ಸೊರಬದ ಒಳಹಳ್ಳಿಯ ಹಿತ್ತಿಲಿಗೂ ರೆಕ್ಕೆ ಬಂದಿತ್ತು. ಮೇಲಿಟ್ಟು ಹೇಳುವವರು ಇರುವುದರಿಂದಲೇ ಕೆಳಗಿಟ್ಟು ಕೇಳುವವರು ಹುಟ್ಟಿಕೊಂಡರು ಎಂಬ ಮಾತಿನಲ್ಲಿ ಹುರುಳಿದೆ, ತೂಕ ಮಾಡಿದರೆ ತಪ್ಪು ಅರ್ಧರ್ಧ. ಆದರೆ ಪರಿಹಾರ ಅದೇ. ಲೆಕ್ಕ ಕೇಳುವ ಹಕ್ಕು ಲೆಕ್ಕ ಇಟ್ಟವರಿಗೆ ಮಾತ್ರ. ನಿವೇಶನಕ್ಕೆ ಇಷ್ಟು, ಕಟ್ಟಡಕ್ಕೆ ಸವಕಳಿ ಕಳೆದು ಇಷ್ಟು, ನಾಟಾಕ್ಕೆ ಇಷ್ಟು ಎಂದು ಮೂವತ್ತಾರು ಹೇಳಿ ಅಲ್ಲಿ ಕಾಲೂರಿ ನಿಂತವರ ಮುಂದೆ ಇಪ್ಪತ್ತೆರಡು ಬಹಳ ಬಡವಾಗಿ ಕಾಣುತ್ತದೆ.

ಗಟ್ಟಿಯಾದ ಆಕ್ಷೇಪ ಇನ್ನೊಂದು. ಇದು ಬೆಂಗಳೂರಲ್ಲ, ಬೆಳಿಗ್ಗೆ ಒಬ್ಬ ಹೋದರೆ ಸಂಜೆ ಇನ್ನೊಬ್ಬ ಬರುವುದಿಲ್ಲ, ವರ್ಷಕ್ಕೆ ಇಬ್ಬರು ಬಂದರೆ ಹೆಚ್ಚು. ಅಣ್ಣನೇ ಏಕೈಕ ಗಿರಾಕಿಯಾದರೆ? ಆಗ ಕಾಯುವುದಕ್ಕೂ ಬೆಲೆ ಕಟ್ಟಬೇಕು. ಮೂವತ್ತಾರು ಲಕ್ಷ ಕೈಗೆ ಬಂದು ಠೇವಣಿಯಲ್ಲಿ ಶೇ. 6 ಸಿಕ್ಕರೆ ತಿಂಗಳಿಗೆ ಹದಿನೆಂಟು ಸಾವಿರ. ಖಾಲಿ ಬಿದ್ದ ಮನೆಗೆ ಇನ್ನೆರಡು ಲಕ್ಷ ಹೆಚ್ಚು ಬರಲೆಂದು ಹನ್ನೊಂದು ತಿಂಗಳು ಕಾದರೆ ಆ ಎರಡು ಲಕ್ಷ ಕಾಯುವುದರಲ್ಲೇ ಕರಗಿರುತ್ತದೆ, ನಡುವೆ ಒಂದು ಮಳೆಗಾಲದ ಗೆದ್ದಲು ಬೇರೆ. ಹಾಗೆಂದು ಹದಿನಾಲ್ಕು ಲಕ್ಷ ಬಿಟ್ಟುಕೊಡಲು ಈ ಲೆಕ್ಕ ಹೇಳುವುದಿಲ್ಲ. ಅಷ್ಟು ಹಣಕ್ಕೆ ಆರು ವರ್ಷಕ್ಕೂ ಮೀರಿ ಕಾಯಬಹುದು. ಇಪ್ಪತ್ತೆರಡರವನು ತಾನಾಗಿಯೇ ಮೂವತ್ನಾಲ್ಕಕ್ಕೆ ಬಂದ ದಿನ ಮಾತ್ರ ಈ ಲೆಕ್ಕವನ್ನು ಹೊರತೆಗೆಯಬೇಕು. ಅವನು ಬರುತ್ತಾನೆ, ಆಷಾಢ ಕಳೆದು ಶ್ರಾವಣದಲ್ಲಿ ಬೇರೆಯವರು ಮನೆ ನೋಡಲು ಬಂದರೆಂಬ ಸುದ್ದಿ ಹೋಟೆಲಿಗೆ ಮುಟ್ಟಿದ ಮೇಲೆ. ಆಗಲೂ ‘ನೋಡಣ’ ಎಂಬ ಮಾತಿಗೆ ಮನೆ ಹಿಡಿದಿಡಬಾರದು. ಬ್ಯಾಂಕಿನ ಮೂಲಕ ಮುಂಗಡ, ಕರಾರಿನಲ್ಲಿ ನೋಂದಣಿಯ ತಾರೀಕು, ತಪ್ಪಿದರೆ ಮುಂಗಡ ಏನಾಗುತ್ತದೆ ಎಂಬ ವಾಕ್ಯ.

ಕರಾರು ಬರೆಯುವಾಗ ಒಂದು ವಿಷಯ ಮರೆಯಬಾರದು. ಚಕ್ಕುಬಂದಿಯ ನಾಲ್ಕು ದಿಕ್ಕನ್ನೂ, ನಿಧಿ ನಿಕ್ಷೇಪ ಜಲ ಪಾಷಾಣವನ್ನೂ ಪತ್ರ ಬರಹಗಾರರು ತಾವಾಗಿಯೇ ಸೇರಿಸುತ್ತಾರೆ. ಬಳ್ಳಿಗಾವಿಯ ಶಾಸನಗಳ ಕಾಲದಿಂದ ಎಲ್ಲೆ ಬರೆದು ಪಳಗಿದ ಸೀಮೆ ಇದು. ಅವರು ಸೇರಿಸದೆ ಬಿಡುವುದು ಬಾವಿಯ ಮೋಟಾರು, ಮಾಡಿನ ಮೇಲಿನ ಸೋಲಾರ್, ಯುಪಿಎಸ್, ಹಿತ್ತಲಲ್ಲಿ ಒಟ್ಟಿದ ಕಟ್ಟಿಗೆ, ಉಪ್ಪರಿಗೆಯ ಮೇಲಿನ ಬೀಟೆಯ ಪೆಟ್ಟಿಗೆ. ಯಾವುದು ಹೋಗುತ್ತದೆ, ಯಾವುದು ಉಳಿಯುತ್ತದೆ ಎಂದು ಹೆಸರು ಹಿಡಿದು ಬರೆಸಬೇಕು. ಬರೆಸದಿದ್ದರೆ ನೋಂದಣಿಯ ದಿನ, ಕಂಪ್ಯೂಟರಿನ ಮುಂದೆ ಫೋಟೋ ತೆಗೆಸಿಕೊಂಡು ಹೆಬ್ಬೆರಳು ಒತ್ತುವ ಮುನ್ನ, ಅಣ್ಣ ಮೇಷ್ಟ್ರ ಕಿವಿಯ ಹತ್ತಿರ ಬಗ್ಗುತ್ತಾನೆ: ‘ಆ ಪೆಟ್ಟಿಗೆ ಬೆಂಗ್ಳೂರಿಗೆ ಯಾಕ್ರಿ ಹೊರ್ತೀರಿ ಮೇಷ್ಟ್ರೇ, ಇಲ್ಲೇ ಇರ್ಲಿ ಬಿಡ್ರಿ.’ ಹಿಂದೆ ನಿಂತ, ಹಿಂಗೇ ಬಂದವರು ‘ಹ್ಞೂಂ’ ಎನ್ನುತ್ತಾರೆ.