ಪರ್ಮಿಷನ್ ಡಿನೈಡ್ ಮೀಮಾಂಸೆ

ಹಾಡಿನ ಟ್ಯಾಗಿನಲ್ಲಿ ಗಾಯಕರ ಹೆಸರಿರಬೇಕಾದ ಜಾಗದಲ್ಲಿ ಯಾವುದೋ ಡೌನ್‌ಲೋಡ್ ತಾಣದ ವಿಳಾಸ ಪದ್ಮಾಸನ ಹಾಕಿ ಕೂತಿರುತ್ತದೆ. ಅದನ್ನು ಎಬ್ಬಿಸಲು ಹೊರಟ ಲಿನಕ್ಸ್ ಬಳಕೆದಾರನಿಗೆ 'ಪರ್ಮಿಷನ್ ಡಿನೈಡ್' ಎಂಬ ಅಶರೀರವಾಣಿ ಕೇಳಿಸುವುದು ಲೋಕಪ್ರಸಿದ್ಧ. ಆ ವಾಣಿಯ ನಿವಾರಣೆಯೇ ಈ ಶಾಸ್ತ್ರದ ಪ್ರಯೋಜನ. ಸ್ವಂತ ದುಡ್ಡಿನ ಲ್ಯಾಪ್‌ಟಾಪಿನಲ್ಲಿ 'ನಿನಗೆ ಅಧಿಕಾರವಿಲ್ಲ' ಎನ್ನಿಸಿಕೊಂಡವನೇ ಇದಕ್ಕೆ ಅಧಿಕಾರಿ.

ಟ್ಯಾಗ್ ಹಾಡಿನ ಹೊರಗಿಲ್ಲ, ಫೈಲಿನೊಳಗೇ ಇದೆ. ಹೆಸರು ತಿದ್ದುವುದೆಂದರೆ ಫೈಲನ್ನೇ ತಿದ್ದುವುದು. ಐಡಿ3 ಎಂಬ ಟ್ಯಾಗ್ ಪದ್ಧತಿಯ 1996ರ ಮೊದಲ ಆವೃತ್ತಿ ಎಂಪಿ3ಯ ಬಾಲಕ್ಕೆ 128 ಬೈಟ್ ಅಂಟಿಸಿ, ಅದರಲ್ಲಿ ಗಾಯಕರಿಗೆ 30 ಬೈಟ್ ದಯಪಾಲಿಸಿತು. ಯುಟಿಎಫ್-8ರ ಕನ್ನಡವನ್ನು ಅದರೊಳಗೆ ತುರುಕಿದರೆ ವ್ಯಂಜನ, ಹಲಂತ, ಗುಣಿತಚಿಹ್ನೆ ಎಲ್ಲಕ್ಕೂ ಮೂರು ಮೂರು ಬೈಟ್ ತೆತ್ತು, ಪಿ.ಬಿ. ಶ್ರೀನಿವಾಸ್ 'ಪಿ.ಬಿ. ಶ್ರೀನ' ಆಗಿ ನಿಲ್ಲುತ್ತಾರೆ. 1998ರ ಎರಡನೇ ಆವೃತ್ತಿಯಲ್ಲಿ ಆ ಜಿಪುಣತನವಿಲ್ಲ. ಇದು ಪ್ರಾಸಂಗಿಕ.

ಈಗ ಪೂರ್ವಪಕ್ಷ. 'ಸುಡೋ ಇರುವಾಗ ಶಾಸ್ತ್ರವೇಕೆ?' ಎಂದು ಸುಡೋವಾದಿಗಳು ಕೇಳುತ್ತಾರೆ. ಟ್ಯಾಗ್ ಎಡಿಟರನ್ನೇ ರೂಟ್ ಆಗಿ ಓಡಿಸುವುದು ಇವರ ಮತ. ಅಂದಿಗೆ ಕೆಲಸವಾಗುತ್ತದೆ, ನಿಜ. ಆದರೆ ಹೊಸ ಫೈಲು ಬರೆದು ಹಳೆಯದರ ಜಾಗದಲ್ಲಿಡುವ ಜಾತಿಯ ಎಡಿಟರಾದರೆ ಆ ಹೊಸ ಫೈಲು ರೂಟ್‌ನ ಸ್ವತ್ತಾಗಿಬಿಡಬಹುದು. ಹಳೆಯ ಡಿಸ್ಕಿನಿಂದ ಸುಡೋ ಹಾಕಿ ಹಾಡು ಕಾಪಿ ಮಾಡಿದ್ದೇ ಎಷ್ಟೋ ಮನೆಗಳಲ್ಲಿ ರೋಗದ ಮೂಲವೂ ಹೌದು. ರೋಗವನ್ನೇ ಔಷಧವೆಂದು ಕುಡಿಸುವ ಈ ಮತ ತ್ಯಾಜ್ಯ.

ತ್ರಿಸಪ್ತಕವಾದಿಗಳದು ಇನ್ನೊಂದು ಪಂಥ. (ಸಂಗೀತದ ಮೂರು ಸಪ್ತಕಗಳಿಗೂ ಇವರಿಗೂ ನಂಟಿಲ್ಲ.) ಓದಲು 4, ಬರೆಯಲು 2, ಓಡಿಸಲು 1, ಒಟ್ಟು 7, ಒಡೆಯನಿಗೊಂದು, ಗುಂಪಿಗೊಂದು, ಮಿಕ್ಕವರಿಗೊಂದು. ಎಲ್ಲದಕ್ಕೂ 777 ಹಾಕಿ ಕೈತೊಳೆದುಕೊಂಡರೆ ಕಂಡಕಂಡವರಿಗೆಲ್ಲ ತಿದ್ದುವ ಹಕ್ಕು ಸಿಗುವುದಲ್ಲದೆ, ಹಾಡಿಗೆ ಪ್ರೋಗ್ರಾಮಿನಂತೆ ಓಡುವ ಹಕ್ಕೂ ಬರುತ್ತದೆ. ಹಾಡು ಓಡಿ ಎಲ್ಲಿಗೆ ಹೋಗಬೇಕು?

ಸಿದ್ಧಾಂತ ಹೀಗೆ: ಜಮೀನು ಕೊಳ್ಳುವವನು ಪಹಣಿ ನೋಡುವಂತೆ ಮೊದಲು 'ಎಲ್‌ಎಸ್ ಮೈನಸ್ ಎಲ್' ಹಾಕಿ ನೋಡತಕ್ಕದ್ದು. ನಿಮ್ಮ ಹೆಸರಿರಬೇಕಾದಲ್ಲಿ 'ರೂಟ್ ರೂಟ್' ಎಂದಿದ್ದರೆ ಸಿಎಚ್‌ಓನ್ ಮಾಡಿ ಹಾಡಿನ ಫೋಲ್ಡರನ್ನು ನಿಮ್ಮ ಹೆಸರಿಗೆ ಬರೆಸಿಕೊಳ್ಳಿ. ಸುಡೋಗೆ ಶಾಸ್ತ್ರಸಮ್ಮತವಾದ ಜಾಗ ಇದೊಂದೇ. ಫೈಲಿಗೆ 644, ಫೋಲ್ಡರಿಗೆ 755 ಸಾಕು. ಫೋಲ್ಡರಿನ ವಿಷಯದಲ್ಲಿ 'ಓಡಿಸುವ' ಹಕ್ಕೆಂದರೆ ಒಳಗೆ ಕಾಲಿಡುವ ಹಕ್ಕು. ಇದರ ಅರಿವಿಲ್ಲದೆ ಎಲ್ಲಕ್ಕೂ ಒಂದೇ ಏಟಿಗೆ 644 ಬಡಿದವನು ಸ್ವಂತ ಹಾಡುಗಳ ಹೊಸಿಲಲ್ಲಿ ನಿಂತು ಪರಿತಪಿಸುತ್ತಾನೆ. ಫೋಲ್ಡರುಗಳಿಗಷ್ಟೇ ಆ ಹಕ್ಕನ್ನು ಮರಳಿ ಕೊಡುವ ಸಿಎಚ್‌ಮಾಡ್‌ನ ದೊಡ್ಡ ಎಕ್ಸ್ ಇರುವುದು ಇಂಥವನ ಉದ್ಧಾರಕ್ಕೆ. ಫೈಲು ನಿಮ್ಮದೇ ಆಗಿದ್ದೂ ಸೇವ್ ಆಗದಿದ್ದರೆ ಫೋಲ್ಡರಿನ ಒಡೆಯ ಯಾರೆಂದು ನೋಡಿ. ತಾತ್ಕಾಲಿಕ ಫೈಲು ಸೃಷ್ಟಿಸುವ ಎಡಿಟರಿಗೆ ಅಲ್ಲೂ ಬರೆಯುವ ಹಕ್ಕು ಬೇಕು.

ಪೆನ್‌ಡ್ರೈವಿನ ಧರ್ಮ ಬೇರೆ. ಫ್ಯಾಟ್, ಎಕ್ಸ್‌ಫ್ಯಾಟ್‌ಗಳಿಗೆ ಒಡೆಯ, ಗುಂಪು ಎಂಬ ಕಲ್ಪನೆಯೇ ಇಲ್ಲ. ಮೌಂಟ್ ಆಗುವ ಮುಹೂರ್ತದಲ್ಲೇ ಎಲ್ಲ ನಿರ್ಣಯವಾಗಿರುತ್ತದೆ, ಆಮೇಲೆ ಒಡೆತನ ಬದಲಿಸಹೊರಟರೆ ನಡೆಯದು. 'ರೀಡ್ ಓನ್ಲಿ ಫೈಲ್ ಸಿಸ್ಟಮ್' ಎಂದು ವಾಣಿ ಬದಲಾದರೆ ಅದು ಹಕ್ಕಿನ ವ್ಯಾಜ್ಯವೇ ಅಲ್ಲ. ಹಾಡುಗಳಿರುವುದು ವಿಂಡೋಸಿನ ಡಿಸ್ಕಿನಲ್ಲಾದರೆ, ಅದೇ ಕಂಪ್ಯೂಟರಿನ ವಿಂಡೋಸ್ ಫಾಸ್ಟ್ ಸ್ಟಾರ್ಟಪ್ಪಿನ ಅರೆನಿದ್ದೆಯಲ್ಲಿ ಎನ್‌ಟಿಎಫ್‌ಎಸ್ ಭಾಗವನ್ನು ಹಿಡಿದಿಟ್ಟುಕೊಂಡಿರಬಹುದು. ವಿಂಡೋಸಿಗೆ ಹೋಗಿ ಪೂರ್ತಿ ಶಟ್‌ಡೌನ್ ಮಾಡಿ ಬರತಕ್ಕದ್ದು.

ಕೊನೆಯದು ಸ್ನ್ಯಾಪ್ ಪ್ರಕರಣ, ಅಂದರೆ ಸ್ನ್ಯಾಪ್ ಪ್ಯಾಕೇಜಾಗಿ ಹಾಕಿಕೊಂಡ ಎಡಿಟರಿನದು. ಇಲ್ಲಿ ಹಾಡು ನಿಮ್ಮದು, ಫೋಲ್ಡರು ನಿಮ್ಮದು, ಡಿಸ್ಕು ಎಚ್ಚರವಾಗಿದೆ, ಪಂಜರದಲ್ಲಿರುವುದು ಎಡಿಟರು. 'ರಿಮೂವಬಲ್ ಮೀಡಿಯಾ' ಸಂಪರ್ಕ ಕೊಡುವ ತನಕ ಅದಕ್ಕೆ ಹೊರಗಿನ ಡಿಸ್ಕು ಮುಟ್ಟುವ ಭಾಗ್ಯವಿಲ್ಲ. ಇಂಥ ಸಂದರ್ಭದಲ್ಲಿ 777 ಹಾಕಿದ ಪಂಡಿತರ ಹಾಡುಗಳನ್ನು ಆ ಯಂತ್ರದ ಮೇಲಿನ ಯಾರು ಬೇಕಾದರೂ ತಿದ್ದಬಹುದು, ಅವರ ಎಡಿಟರೊಂದನ್ನು ಬಿಟ್ಟು.