ಹಳದಿ ದೀಪದ ಹೇಳಿಕೆ

ಕಾರಿನ ಬಿಡಿಭಾಗಗಳಿಗೆ ಹೆಸರಾದ ಬೆಂಗಳೂರಿನ ಜೆ.ಸಿ. ರಸ್ತೆಯ ಒಂದು ಅಡ್ಡರಸ್ತೆ. ಗ್ಯಾರೇಜಿನಲ್ಲಿ ಬಾನೆಟ್ ಎತ್ತಿದ ನಾಲ್ಕು ಸಿಲಿಂಡರಿನ ಪೆಟ್ರೋಲ್ ಕಾರು. ದೂರು ಒಂದೇ: ರೇಸ್ ಕೊಟ್ಟರೆ ಮೈಯೆಲ್ಲ ನಡುಕ. ಮಾಲೀಕರು, ಮೆಕ್ಯಾನಿಕ್, ಪಕ್ಕದ ಟೀ ಅಂಗಡಿಯವರು ಎಲ್ಲರೂ ಅಭಿಪ್ರಾಯ ಕೊಟ್ಟಾಗಿತ್ತು. ಡ್ಯಾಶ್‌ಬೋರ್ಡಿನಲ್ಲಿ ಉರಿಯುತ್ತಿದ್ದ ಎಂಜಿನ್ ಆಕಾರದ ಹಳದಿ ದೀಪವನ್ನು ಮಾತ್ರ ಯಾರೂ ಕೇಳಿರಲಿಲ್ಲ.

ಪ್ರಶ್ನೆ: ಯಾವಾಗಿನಿಂದ ಉರಿಯುತ್ತಿದ್ದೀರಿ?

ದೀಪ: ದೀಪಾವಳಿಗೆ ಮುಂಚಿನಿಂದ. ಹಬ್ಬದ ಗಲಾಟೆಯಲ್ಲಿ ಯಾರ ಕಣ್ಣಿಗೂ ಬೀಳಲಿಲ್ಲ. ಆಮೇಲೆ ಬಿದ್ದೆ ನೋಡಿ, ಮಾಲೀಕರು ನನ್ನ ಮೇಲೆ ಗಣಪತಿ ಸ್ಟಿಕ್ಕರ್ ಅಂಟಿಸಿಬಿಟ್ಟರು. ವಿಘ್ನ ಕಾಣದಿದ್ದರೆ ವಿಘ್ನವೇ ಇಲ್ಲ ಅಂತ ಅವರ ಲೆಕ್ಕ.

ಪ್ರಶ್ನೆ: ಕಾರು ನಡುಗುವುದೇಕೆ?

ದೀಪ: ಅದು ನನ್ನ ಇಲಾಖೆಗೆ ಬರುವುದಿಲ್ಲ ಸ್ವಾಮಿ. ನನ್ನದು ಉರಿಯುವ ಹುದ್ದೆ. ಕಡತ ಇರುವುದು ಒಳಗೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್, ಅಂದರೆ ಇಸಿಎಂ ಸಾಹೇಬರ ಬಳಿ. ಸ್ಟಿಯರಿಂಗ್ ಕೆಳಗೆ 16 ಪಿನ್ನಿನ ಸಾಕೆಟ್ ಇದೆ. ಸ್ಕ್ಯಾನರ್ ಚುಚ್ಚಿ, ಲಂಚವಿಲ್ಲದೆ ಓದಿ ಹೇಳುತ್ತಾರೆ.

(ಚುಚ್ಚಿದೆವು. ಪಿ0303 ಎಂದು ಬಂತು.)

ದೀಪ: ಮೂರನೇ ಸಿಲಿಂಡರ್ ಸರಿಯಾಗಿ ಹೊತ್ತಿಕೊಳ್ಳುತ್ತಿಲ್ಲ. ನಿಮ್ಮ ಗ್ಯಾರೇಜಿನವರ ಮಾತಿನಲ್ಲಿ ‘ಮಿಸ್ಸಿಂಗ್’. ಕೊನೆಯ ಅಂಕಿಯೇ ಸಿಲಿಂಡರಿನ ನಂಬರು. ಪಿ0300 ಬಂದಿದ್ದರೆ ಇಂಥವರೇ ಎಂದು ಬೆರಳು ತೋರಿಸಲು ಆಗುತ್ತಿರಲಿಲ್ಲ; ಆಗ ಪೆಟ್ರೋಲ್ ಒತ್ತಡ, ಗಾಳಿ ಸೋರಿಕೆ ಎಲ್ಲ ನೋಡಬೇಕು. ನಿಮಿಷಕ್ಕೆ 3000 ಸುತ್ತು ತಿರುಗುವಾಗ ಒಂದೊಂದು ಸಿಲಿಂಡರೂ ಸೆಕೆಂಡಿಗೆ 25 ಸಲ ಹೊತ್ತಬೇಕು. ಒಂದು ಸಲ ತಪ್ಪಿದರೂ ಕ್ರ್ಯಾಂಕ್ ಶಾಫ್ಟಿನ ವೇಗ ಚೂರು ಕುಗ್ಗುತ್ತದೆ. ಅಲ್ಲಿರುವ ಸೆನ್ಸರ್ ಅದನ್ನು ಹಿಡಿದು ಮೇಲಕ್ಕೆ ವರದಿ ಮಾಡುತ್ತದೆ.

ಪ್ರಶ್ನೆ: ನಿಂತಾಗ ತೆಪ್ಪಗಿದ್ದು, ರೇಸ್ ಕೊಟ್ಟಾಗಲೇ ಏಕೆ ಈ ರಗಳೆ?

ದೀಪ: ಕಾಲು ಒತ್ತಿದಿರಿ ಅಂದರೆ ಸಿಲಿಂಡರಿಗೆ ಹೆಚ್ಚು ಗಾಳಿ, ಹೆಚ್ಚು ಪೆಟ್ರೋಲ್ ನುಗ್ಗಿ ಒತ್ತಡ ಏರುತ್ತದೆ. ಆ ಒತ್ತಡದಲ್ಲಿ ಪ್ಲಗ್ಗಿನ ಕಿಡಿ ಹಾರಬೇಕಾದರೆ ಹೆಚ್ಚು ವೋಲ್ಟೇಜ್ ಬೇಕು. ಬ್ಯಾಟರಿಯ 12 ವೋಲ್ಟನ್ನು ಸಾವಿರಾರು ವೋಲ್ಟಿಗೆ ಏರಿಸುವುದು ಇಗ್ನಿಷನ್ ಕಾಯಿಲ್ ಕೆಲಸ. ಸೋತ ಕಾಯಿಲ್ ಸಿಗ್ನಲ್ಲಿನಲ್ಲಿ ಹೇಗೋ ಮಾನ ಉಳಿಸಿಕೊಳ್ಳುತ್ತದೆ, ಶಿರಾಡಿ ಘಾಟಿಯಲ್ಲಿ ಸಿಕ್ಕಿಬೀಳುತ್ತದೆ. ನಮ್ಮ ಮಾಲೀಕರೋ, ಏರಿನಲ್ಲೂ ನಾಲ್ಕನೇ ಗೇರು ಬಿಡದ ಹಟಮಾರಿ.

ಪ್ರಶ್ನೆ: ಇಲ್ಲಿಯವರೆಗೆ ಏನೇನು ಬದಲಾಯಿಸಿದ್ದಾರೆ?

ದೀಪ: ಏರ್ ಫಿಲ್ಟರ್. ಎಂಜಿನ್ ಮೌಂಟಿಂಗ್. ಆಮೇಲೆ ಪೆಟ್ರೋಲ್ ಬಂಕ್. ನಂತರ ಮೆಕ್ಯಾನಿಕ್. ಕಾರನ್ನೇ ಬದಲಾಯಿಸಿ ಎಂದು ಮಾಲೀಕರ ಭಾವಮೈದ ಹೇಳಿದರು. ಅವರದು ಹಳೇ ಕಾರು ಮಾರಾಟದ ವ್ಯಾಪಾರ.

ಪ್ರಶ್ನೆ: ಸರಿಯಾದ ದಾರಿ?

ದೀಪ: ಮೊದಲು ಕಾಸು ಬಿಚ್ಚಬೇಕಾಗಿಯೇ ಇಲ್ಲ. ಈ ಕಾರಿನಲ್ಲಿ ಪ್ಲಗ್ಗಿಗೊಂದು ಕಾಯಿಲ್. ಮೂರನೆಯದನ್ನು ಒಂದಕ್ಕೆ, ಒಂದರದನ್ನು ಮೂರಕ್ಕೆ ಹಾಕಿ, ಕೋಡ್ ಅಳಿಸಿ, ಓಡಿಸಿ. ಪಿ0301 ಬಂದರೆ ಕಾಯಿಲೇ ಕಳ್ಳ: ಅವನು ಮನೆ ಬದಲಾಯಿಸಿದ ಬೀದಿಯಲ್ಲೇ ಕಳ್ಳತನ. ದೂರು ಮೂರರಲ್ಲೇ ಉಳಿದರೆ ಪ್ಲಗ್ಗನ್ನೂ ಹಾಗೇ ಅದಲುಬದಲು ಮಾಡಿ. ಆಮೇಲೆ ಇಂಜೆಕ್ಟರ್, ಕೊನೆಗೆ ಕಂಪ್ರೆಷನ್ ಪರೀಕ್ಷೆ.

ಪ್ರಶ್ನೆ: ನಡುನಡುವೆ ಮಿಟುಕುತ್ತಿದ್ದಿರಂತೆ?

ದೀಪ: ಸುಮ್ಮನೆ ಉರಿದರೆ ಅದು ಅರ್ಜಿ, ಮಿಟುಕಿದರೆ ಬೊಬ್ಬೆ. ಹೊತ್ತದ ಪೆಟ್ರೋಲ್ ಹೊಗೆಯ ದಾರಿ ಹಿಡಿದು ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಉರಿಯುತ್ತದೆ. ಒಳಗಿನ ಕಿಂಡಿಕಿಂಡಿ ಪಿಂಗಾಣಿ ಕರಗಿಹೋಗಬಹುದು. ಅದಕ್ಕೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪನ ಇರುವುದರಿಂದ ಅದರ ಬೆಲೆಯ ಮುಂದೆ ಕಾಯಿಲಿನ ಬೆಲೆ ಪುಡಿಗಾಸು. ಗಾಡಿ ನಿಧಾನ ಮಾಡಿ ಎಂದು ನಾನು ಬಡಿದುಕೊಳ್ಳುತ್ತಿದ್ದರೆ ಮಾಲೀಕರು ‘ಲೂಸ್ ಕನೆಕ್ಷನ್’ ಎಂದು ಡ್ಯಾಶ್‌ಬೋರ್ಡಿಗೆ ಒಂದು ಬಡಿದರು.

ಪ್ರಶ್ನೆ: ಬ್ಯಾಟರಿ ವೈರ್ ಬಿಚ್ಚಿ ನಿಮ್ಮನ್ನು ಆರಿಸಿದ್ದೂ ಉಂಟಲ್ಲ?

ದೀಪ: ಸಾಕ್ಷ್ಯನಾಶ! ದೋಷ ಕಂಡ ಗಳಿಗೆಯ ವೇಗ, ಎಂಜಿನ್ ಸುತ್ತು, ಬಿಸಿ ಎಲ್ಲವನ್ನೂ ಸಾಹೇಬರು ಬರೆದಿಟ್ಟಿದ್ದರು. ಒಂದು ಸ್ಪ್ಯಾನರಿನಲ್ಲಿ ಕಡತ ಖಾಲಿ.

ಪ್ರಶ್ನೆ: ನೀವು ಉರಿಯದಿದ್ದರೆ ಕಾರು ಸರಿಯಿದೆ ಎಂದೇ ಅರ್ಥವೇ?

ದೀಪ: (ತಡವರಿಸಿ) ದಯವಿಟ್ಟು ಇದನ್ನು ದೊಡ್ಡದಾಗಿ ಅಚ್ಚು ಹಾಕಬೇಡಿ. ಸೆನ್ಸರ್ ಇಲ್ಲದ ಕಡೆ ನಾನು ಕುರುಡ. ಆಕ್ಸಲ್ಲಿನ ಒಳಗಡೆ ಜಾಯಿಂಟ್ ಸವೆದರೂ ರೇಸ್ ಕೊಟ್ಟಾಗ ಕಾರು ಗಡಗಡ ಅನ್ನುತ್ತದೆ, ಕಾಲು ತೆಗೆದರೆ ನಿಲ್ಲುತ್ತದೆ. ಕ್ಲಚ್ ಬಿಡುವಾಗ ಮಾತ್ರ ನಡುಗಿದರೆ ಕ್ಲಚ್ ಪ್ಲೇಟನ್ನೋ ಮೌಂಟಿಂಗನ್ನೋ ಅನುಮಾನಿಸಿ. ಎಂಬತ್ತು ದಾಟಿದ ಮೇಲೆ, ರೇಸ್ ಕೊಟ್ಟರೂ ಬಿಟ್ಟರೂ ಸ್ಟಿಯರಿಂಗ್ ಕೈಯಲ್ಲಿ ಕುಣಿದರೆ ವ್ಹೀಲ್ ಬ್ಯಾಲೆನ್ಸಿಂಗ್. ಇವುಗಳಲ್ಲಿ ಒಂದೂ ನನ್ನ ಗಮನಕ್ಕೆ ಬರುವುದಿಲ್ಲ. ಯಾವಾಗ ನಡುಗುತ್ತದೆ ಎಂದು ಓಡಿಸಿಯೇ ನೋಡಬೇಕು. ಈ ಮೆಕ್ಯಾನಿಕ್ ಮಹಾನುಭಾವ ನಿಲ್ಲಿಸಿಕೊಂಡೇ ರೇಸ್ ಕೊಟ್ಟು ‘ಗಾಡಿ ಪಕ್ಕಾ ಇದೆ ಸಾರ್’ ಅಂದ. ಎಳೆಯುವ ಭಾರವೇ ಇಲ್ಲದಾಗ ಅದಕ್ಕೇನು ಕಷ್ಟ?

ನನ್ನ ಒತ್ತಾಯಕ್ಕೆ ಮೆಕ್ಯಾನಿಕ್ ಒಂದು, ಮೂರರ ಕಾಯಿಲ್ ಅದಲುಬದಲು ಮಾಡಿ, ಕೋಡ್ ಅಳಿಸಿ, ಮೇಲ್ಸೇತುವೆ ಹತ್ತಿ ಇಳಿದು ಬಂದ. ಸ್ಕ್ಯಾನರಿನಲ್ಲಿ ಪಿ0301. ದೀಪ ನನ್ನ ಕಡೆ ಗೆದ್ದವರಂತೆ ನೋಡಿತು. ಮೆಕ್ಯಾನಿಕ್ ತಲೆ ಕೆರೆದುಕೊಂಡು ಮಾಲೀಕರಿಗೆ ಫೋನ್ ಹಚ್ಚಿದ:

“ಸಾರ್, ಮೂರನೇ ಸಿಲಿಂಡರ್ ರೆಡಿ ಮಾಡ್ಕೊಟ್ಟೆ. ಆದ್ರೆ ಈಗ ಒಂದನೇದೂ ಹೋಗಿದೆ, ಎಂಜಿನ್ ಇಳಿಸ್ಬೇಕಾಗುತ್ತೆ.”